ಉಚಿತ ಪಾವತಿಯ ಖರ್ಚು ಯಾರ ಹೆಗಲಿಗೆ? ಪಾವತಿ ಜಾಲಗಳ ಒಡೆತನ ಮತ್ತು ಹೂಡಿಕೆಯ ಲೆಕ್ಕಾಚಾರ

2025ರ ಏಪ್ರಿಲ್ 12, ಶನಿವಾರ. ದೇಶದಾದ್ಯಂತ ಯುಪಿಐ ಪಾವತಿಗಳು ಕೆಲವು ಗಂಟೆಗಳ ಕಾಲ ಕುಂಟಿದವು. ಎರಡೂವರೆ ವಾರ ಮೊದಲು, ಮಾರ್ಚ್ 26ರಂದೂ ಹೀಗೇ ಆಗಿತ್ತು. ಜಾಲವನ್ನು ನಡೆಸುವ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಏಪ್ರಿಲ್‌ನ ತೊಂದರೆಗೆ ಕಾರಣ ಹುಡುಕಿದಾಗ ಹೊರಗಿನ ದಾಳಿಕೋರರು ಯಾರೂ ಸಿಗಲಿಲ್ಲ. ಒಂದು ಪಾವತಿಯ ಸ್ಥಿತಿ ಏನಾಯಿತು ಎಂದು ವಿಚಾರಿಸುವ ಸಂದೇಶವನ್ನು ಕೆಲವು ಬ್ಯಾಂಕುಗಳ ಸರ್ವರ್‌ಗಳು, ಹಳೆಯ ವ್ಯವಹಾರಗಳನ್ನೂ ಬಿಡದೆ, ಮೇಲಿಂದ ಮೇಲೆ ಕೇಂದ್ರ ವ್ಯವಸ್ಥೆಗೆ ಕಳಿಸುತ್ತಿದ್ದವು. ಆ ವಿಚಾರಣೆಗಳ ಪ್ರವಾಹದಲ್ಲಿ ನಿಜವಾದ ಪಾವತಿಗಳಿಗೆ ಜಾಗ ಸಿಗಲಿಲ್ಲ.

ಇದನ್ನು ತಂತ್ರಾಂಶದ ದೋಷವೆಂದು ಓದಿ ಮುಂದೆ ಹೋಗಬಹುದು. ಆದರೆ ಅರ್ಥಶಾಸ್ತ್ರದ ಕಣ್ಣಿಗೆ ಇದು ಬಹಳ ಹಳೆಯ ಕಥೆ. ವಿಚಾರಿಸುವ ಬ್ಯಾಂಕಿಗೆ ಒಂದು ಸಂದೇಶ ಹೆಚ್ಚು ಕಳಿಸಿದರೆ ಖರ್ಚಿಲ್ಲ, ಅದರಿಂದಾಗುವ ನೂಕುನುಗ್ಗಲಿನ ನಷ್ಟವನ್ನು ಉಳಿದವರೆಲ್ಲರೂ ಹಂಚಿಕೊಳ್ಳುತ್ತಾರೆ. ನಮ್ಮ ಹಳ್ಳಿಗಳ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದುದು ಇದೇ ಕಾರಣಕ್ಕೆ: ನೀರು ಎಲ್ಲರದೂ ಆದಾಗ ಯಾರ ಗದ್ದೆಗೆ ಯಾವಾಗ ತೂಬು ತೆರೆಯಬೇಕೆಂದು ಹೇಳುವವನೊಬ್ಬ ಬೇಕು, ಹೂಳೆತ್ತುವ ಕೂಲಿಯನ್ನು ಯಾರು ಎಷ್ಟು ಕೊಡಬೇಕೆಂಬ ಕಟ್ಟಳೆಯೂ ಬೇಕು. ಎನ್‌ಪಿಸಿಐ ನೀರುಗಂಟಿಯ ಕೆಲಸವನ್ನೇ ಮಾಡಿತು. ಮೊದಲ ವಿಚಾರಣೆಗೆ 90 ಸೆಕೆಂಡು ಕಾಯಬೇಕು, ಎರಡು ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಕೇಳಬಾರದು ಎಂದಿತು. ಆಗಸ್ಟ್ 1ರಿಂದ ಗ್ರಾಹಕರು ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ ಮಾತ್ರ ಖಾತೆಯ ಬಾಕಿ ನೋಡಬಹುದೆಂಬ ಮಿತಿಯನ್ನೂ ತಂದಿತು. ಬೆಲೆಯಿಂದ ನಿಯಂತ್ರಿಸಲಾಗದ್ದನ್ನು ಸಂಖ್ಯೆಯಿಂದ ನಿಯಂತ್ರಿಸಬೇಕಾಯಿತು. ಯುಪಿಐಯಲ್ಲಿ ಬೆಲೆಯಿಂದ ಏಕೆ ನಿಯಂತ್ರಿಸಲಾಗುವುದಿಲ್ಲ, ಹೂಳೆತ್ತುವ ಕೂಲಿಯ ಕಟ್ಟಳೆ ಅಲ್ಲಿ ಏನಾಗಿದೆ ಎಂಬುದನ್ನು ತಿಳಿಯಲು ಪಾವತಿ ಜಾಲವೊಂದರ ಒಡೆತನ ಯಾರದು ಎಂಬಲ್ಲಿಂದಲೇ ಹೊರಡಬೇಕು.

ಬೆಂಗಳೂರಿನ ಒಂದು ದರ್ಶಿನಿಯಲ್ಲಿ ನೀವು ಇಪ್ಪತ್ತು ರೂಪಾಯಿಯ ಕಾಫಿಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೀರಿ ಎಂದುಕೊಳ್ಳೋಣ. ನಿಮ್ಮ ಖಾತೆ ಸ್ಟೇಟ್ ಬ್ಯಾಂಕಿನಲ್ಲಿದೆ, ಆ್ಯಪ್ ಫೋನ್‌ಪೇ, ಆ ಆ್ಯಪ್ ಜಾಲದೊಳಗೆ ಪ್ರವೇಶಿಸುವುದು ಯೆಸ್ ಬ್ಯಾಂಕಿನ ಬಾಗಿಲಿನಿಂದ. ದರ್ಶಿನಿಯ ಖಾತೆ ಕೆನರಾ ಬ್ಯಾಂಕಿನಲ್ಲಿದೆ, ಗಲ್ಲಾದ ಮೇಲಿನ ಸೌಂಡ್‌ಬಾಕ್ಸ್ ಇನ್ನೊಂದು ಕಂಪನಿಯದು. ಇವರೆಲ್ಲರ ನಡುವೆ ಸಂದೇಶಗಳನ್ನು ದಾಟಿಸುವುದು ಎನ್‌ಪಿಸಿಐ. ಕೆಲವೇ ಕ್ಷಣಗಳಲ್ಲಿ ಸ್ಟೇಟ್ ಬ್ಯಾಂಕಿನ ಮೂಲ ಗಣಕ ವ್ಯವಸ್ಥೆ ನಿಮ್ಮ ಪಿನ್ ಪರಿಶೀಲಿಸಿ, ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ, ಇಪ್ಪತ್ತು ರೂಪಾಯಿ ಕಳೆದು, ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದು, ನಿಮಗೊಂದು ಸಂದೇಶವನ್ನೂ ಕಳಿಸಬೇಕು. ಇಪ್ಪತ್ತು ರೂಪಾಯಿಗಾಗಲಿ ಇಪ್ಪತ್ತು ಸಾವಿರಕ್ಕಾಗಲಿ ಈ ಕೆಲಸ ಹೆಚ್ಚುಕಡಿಮೆ ಅಷ್ಟೇ.

ಭಾರತೀಯ ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಪಾವತಿ ಶುಲ್ಕಗಳ ಬಗ್ಗೆ ಪ್ರಕಟಿಸಿದ ಚರ್ಚಾಪತ್ರದ ಪ್ರಕಾರ, ಸರಾಸರಿ ₹800ರ ಒಂದು ಅಂಗಡಿ ಪಾವತಿಗೆ ಈ ಎಲ್ಲ ಪಾಲುದಾರರಿಗೆ ಒಟ್ಟಾಗಿ ತಗಲುವ ಖರ್ಚು ಸುಮಾರು ₹2. ಕೊಳ್ಳುವವರು ಕೊಡುವ ಶುಲ್ಕ ಸೊನ್ನೆ, ಅಂಗಡಿಯವರು ಕೊಡುವ ಶುಲ್ಕವೂ ಸೊನ್ನೆ. ಈ ಎರಡು ರೂಪಾಯಿ ಯಾರ ಜೇಬಿನಿಂದ ಹೋಗುತ್ತದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಶುಲ್ಕದ ಪ್ರಶ್ನೆಯಾಗಿ ಚರ್ಚಿಸುತ್ತಾರೆ. ಅದಕ್ಕಿಂತ ಮುಖ್ಯವಾದುದು ಅದರ ಬೆನ್ನಿಗಿರುವ ಇನ್ನೊಂದು ಪ್ರಶ್ನೆ: ಖರ್ಚು ಮಾಡಬೇಕಾದವರಿಗೆ ಆದಾಯವಿಲ್ಲದಿದ್ದರೆ, ನಾಳಿನ ಸಾಮರ್ಥ್ಯಕ್ಕಾಗಿ ಇಂದು ಹಣ ಹೂಡುವವರು ಯಾರು?

ಈ ಗಂಟನ್ನು ಬಿಡಿಸಲು ಮೊದಲು ಹೆಣಗಿದವರು ಅಮೆರಿಕದ ಬ್ಯಾಂಕುಗಳು. 1958ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪಟ್ಟಣದಲ್ಲಿ, ಯಾರೂ ಕೇಳದಿದ್ದರೂ, ಸುಮಾರು 60,000 ಕ್ರೆಡಿಟ್ ಕಾರ್ಡುಗಳನ್ನು ಅಂಚೆಯ ಮೂಲಕ ಮನೆಮನೆಗೆ ಕಳಿಸಿತು. ಹುಚ್ಚಾಟದಂತೆ ಕಾಣುವ ಈ ನಡೆಯ ಹಿಂದೆ ಸರಿಯಾದ ತರ್ಕವಿತ್ತು. ಕಾರ್ಡು ಹಿಡಿದವರಿಲ್ಲದ ಊರಿನಲ್ಲಿ ಅಂಗಡಿಯವನು ಕಾರ್ಡು ಒಪ್ಪುವುದಿಲ್ಲ, ಒಪ್ಪುವ ಅಂಗಡಿಗಳಿಲ್ಲದ ಊರಿನಲ್ಲಿ ಕಾರ್ಡು ಯಾರಿಗೂ ಬೇಡ. ಎರಡು ಬದಿಗಳಲ್ಲಿ ಒಂದನ್ನಾದರೂ ಸ್ವಂತ ಖರ್ಚಿನಲ್ಲಿ ತುಂಬಿಸದೆ ಜಾಲ ಹುಟ್ಟುವುದಿಲ್ಲ. ಬಾಕಿ ಉಳಿಸಿಕೊಂಡವರೂ ಮೋಸಗಾರರೂ ಅಂದಾಜು ಮೀರಿ ಹೆಚ್ಚಿದ್ದರಿಂದ ಆರಂಭದಲ್ಲಿ ಬ್ಯಾಂಕಿಗೆ ಭಾರಿ ನಷ್ಟವಾಯಿತು. ಆದರೂ ಜಾಲ ಹುಟ್ಟಿತು.

1966ರಿಂದ ಬ್ಯಾಂಕ್ ಆಫ್ ಅಮೆರಿಕ ತನ್ನ ಕಾರ್ಡಿನ ಹೆಸರನ್ನು ಬೇರೆ ಬ್ಯಾಂಕುಗಳಿಗೂ ಪರವಾನಗಿಯ ಮೇಲೆ ಕೊಡತೊಡಗಿತು. ಆಗ ಎರಡು ತೊಡಕುಗಳು ಎದ್ದವು. ಒಂದು, ಎದುರಾಳಿಯ ಒಡೆತನದ ಹೆಸರನ್ನು ಬೆಳೆಸಲು ತಾವೇಕೆ ಹಣ ಸುರಿಯಬೇಕೆಂಬ ಸಂಶಯ. ಇನ್ನೊಂದು ಲೆಕ್ಕದ ತೊಡಕು. ಅಂಗಡಿಯ ಬ್ಯಾಂಕು ಅಂಗಡಿಯಿಂದ ಹಿಡಿದುಕೊಂಡ ಶುಲ್ಕವನ್ನು ಪೂರ್ತಿಯಾಗಿ ಕಾರ್ಡು ಕೊಟ್ಟ ಬ್ಯಾಂಕಿಗೆ ದಾಟಿಸಬೇಕೆಂಬ ನಿಯಮವಿತ್ತು. ಆದರೆ ನಿಜವಾಗಿ ಎಷ್ಟು ಹಿಡಿದುಕೊಂಡಿತೆಂದು ತಿಳಿಯುವ ದಾರಿ ಇನ್ನೊಂದು ಬ್ಯಾಂಕಿಗೆ ಇರಲಿಲ್ಲ. ಕಡಿಮೆ ತೋರಿಸಿದವರಿಗೆ ಲಾಭ, ಪ್ರಾಮಾಣಿಕರಿಗೆ ನಷ್ಟ.

ಪರಿಹಾರ ಬಂದದ್ದು ಒಡೆತನದ ಬದಲಾವಣೆಯಿಂದ. 1970ರಲ್ಲಿ ಡೀ ಹಾಕ್ ಎಂಬ ಬ್ಯಾಂಕ್ ಅಧಿಕಾರಿಯ ಮುಂದಾಳತ್ವದಲ್ಲಿ ಬ್ಯಾಂಕ್ ಆಫ್ ಅಮೆರಿಕ ತನ್ನ ಹಿಡಿತವನ್ನು ಬಿಟ್ಟುಕೊಟ್ಟು, ಸದಸ್ಯ ಬ್ಯಾಂಕುಗಳೇ ಒಡೆಯರಾಗಿರುವ ಸಂಸ್ಥೆಯೊಂದಕ್ಕೆ ಜಾಲವನ್ನು ಒಪ್ಪಿಸಿತು. 1976ರಲ್ಲಿ ಅದರ ಹೆಸರು ವೀಸಾ ಆಯಿತು. ಆ ಸಂಸ್ಥೆ, ಅಂಗಡಿಯ ಬ್ಯಾಂಕು ಕಾರ್ಡು ಕೊಟ್ಟ ಬ್ಯಾಂಕಿಗೆ ಕೊಡಬೇಕಾದ ಮೊತ್ತವನ್ನು ಎಲ್ಲರಿಗೂ ಒಂದೇ ಎಂದು ಗೊತ್ತುಮಾಡಿತು. ಇದೇ ಇಂಟರ್‌ಚೇಂಜ್ ಶುಲ್ಕ. ಒಂದು ಅಂದಾಜಿನ ಉದಾಹರಣೆ ಕೊಡುವುದಾದರೆ, ₹1,000ದ ಖರೀದಿಯಲ್ಲಿ ಅಂಗಡಿಯಿಂದ ₹20 ಕಡಿತವಾದರೆ ಅದರ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಸಣ್ಣ ಪಾಲುಗಳು ಅಂಗಡಿಯ ಬ್ಯಾಂಕಿಗೂ ಜಾಲಕ್ಕೂ ಉಳಿಯುತ್ತವೆ. ಕಾರ್ಡು ಕೊಟ್ಟ ಬ್ಯಾಂಕು ಆ ಹಣದಿಂದ ಸಾಲದ ಅಪಾಯ, ವಂಚನೆ ತಡೆ, ಗ್ರಾಹಕರಿಗೆ ಕೊಡುವ ರಿವಾರ್ಡ್ ಪಾಯಿಂಟುಗಳು, ಎಲ್ಲವನ್ನೂ ನಿಭಾಯಿಸುತ್ತದೆ. ಖರ್ಚು ಬೀಳುವ ಬದಿ ಒಂದು, ಹಣ ಕೊಡಲು ಸಿದ್ಧವಿರುವ ಬದಿ ಇನ್ನೊಂದು. ಇಂಟರ್‌ಚೇಂಜ್ ಅವೆರಡರ ನಡುವಿನ ಕಾಲುವೆ. ಹೀಗೆ ಎರಡು ಬದಿಗಳಿರುವ ಮಾರುಕಟ್ಟೆಗಳಲ್ಲಿ ಬೆಲೆಯ ಒಟ್ಟು ಮೊತ್ತದಷ್ಟೇ ಅದನ್ನು ಯಾವ ಬದಿಗೆ ಎಷ್ಟು ಹಂಚುತ್ತೇವೆ ಎಂಬುದೂ ಮುಖ್ಯ ಎಂಬುದನ್ನು ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರಾದ ಜೀನ್ ಶಾರ್ಲ್ ರೋಷೆ ಮತ್ತು ಜೀನ್ ಟಿರೋಲ್ ಗಣಿತದ ಮೂಲಕ ತೋರಿಸಿದರು. ಟಿರೋಲ್ ಅವರಿಗೆ 2014ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಸದಸ್ಯರೇ ಒಡೆಯರಾದರೆ ಎಲ್ಲವೂ ಸರಿಹೋಗಬೇಕಿತ್ತು. ಹೋಗಲಿಲ್ಲ. ವೀಸಾಕ್ಕೆ ಎದುರಾಗಿ ಬೇರೆ ಬ್ಯಾಂಕುಗಳು 1966ರಲ್ಲೇ ಕಟ್ಟಿಕೊಂಡಿದ್ದ ಒಕ್ಕೂಟವೇ ಮುಂದೆ ಮಾಸ್ಟರ್‌ಕಾರ್ಡ್ ಆಯಿತು. ಆರಂಭದಲ್ಲಿ ಒಂದು ಜಾಲದ ಸದಸ್ಯರು ಇನ್ನೊಂದನ್ನು ಸೇರಬಾರದೆಂಬ ನಿಯಮ ವೀಸಾದ ಪೂರ್ವಜ ಸಂಸ್ಥೆಯಲ್ಲಿತ್ತು. ಆರ್ಕಾನ್ಸಾಸ್‌ನ ಒಂದು ಬ್ಯಾಂಕು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ನಿಯಮಕ್ಕೆ ಸರ್ಕಾರದ ಒಪ್ಪಿಗೆಯನ್ನು ಸಂಸ್ಥೆ ಕೇಳಿದಾಗ ಅಮೆರಿಕದ ನ್ಯಾಯ ಇಲಾಖೆ 1975ರಲ್ಲಿ ಖಚಿತ ಭರವಸೆ ಕೊಡದೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸಿತು. ಮೊಕದ್ದಮೆಗಳಿಗೆ ಹೆದರಿದ ಸಂಸ್ಥೆ ನಿಯಮವನ್ನೇ ಕೈಬಿಟ್ಟಿತು. ಕೆಲವೇ ವರ್ಷಗಳಲ್ಲಿ ಹೆಚ್ಚಿನ ದೊಡ್ಡ ಬ್ಯಾಂಕುಗಳು ಎರಡೂ ಜಾಲಗಳ ಸದಸ್ಯರಾದವು.

ಎರಡು ದೋಣಿಗಳಲ್ಲಿ ಕಾಲಿಟ್ಟವನು ಮುಳುಗುತ್ತಾನೆಂಬುದು ಗಾದೆ. ಇಲ್ಲಿ ಆದದ್ದು ಬೇರೆ: ಕಾಲಿಟ್ಟವರು ಸುಖವಾಗಿದ್ದರು, ದೋಣಿಗಳು ಮುಂದೆ ಸಾಗುವುದು ನಿಧಾನವಾಯಿತು. ಎರಡು ಜಾಲಗಳಿಂದಲೂ ಆದಾಯವಿರುವ ಬ್ಯಾಂಕಿಗೆ, ಒಂದು ಜಾಲ ಭಾರಿ ಹಣ ಹೂಡಿ ಇನ್ನೊಂದರ ಗ್ರಾಹಕರನ್ನು ಸೆಳೆದುಕೊಂಡರೆ ಸಿಗುವುದೇನು? ಬಲಗೈಯ ಗಳಿಕೆ ಎಡಗೈಯ ನಷ್ಟ, ನಡುವೆ ಹೂಡಿಕೆಯ ಖರ್ಚು ಮಾತ್ರ ನಿಜ. 1998ರಲ್ಲಿ ಅದೇ ನ್ಯಾಯ ಇಲಾಖೆ ಎರಡೂ ಜಾಲಗಳ ಮೇಲೆ ಮೊಕದ್ದಮೆ ಹೂಡಿದಾಗ ಅದರ ಮೊದಲ ವಾದ ಇದೇ ಆಗಿತ್ತು. ಒಂದು ಜಾಲದಲ್ಲಿ ದೊಡ್ಡ ಹಿತಾಸಕ್ತಿಯಿರುವ ಬ್ಯಾಂಕುಗಳು ಇನ್ನೊಂದರ ಆಡಳಿತ ಮಂಡಳಿಯಲ್ಲಿ ಕುಳಿತಿರುವುದರಿಂದ ಚಿಪ್ ಇರುವ ಕಾರ್ಡಿನಂಥ, ಅಂತರ್ಜಾಲ ಖರೀದಿಯ ಸುರಕ್ಷತೆಯಂಥ ಹೊಸತುಗಳು ತಡವಾದವು ಎಂದು ಅದು ವಾದಿಸಿತು. ಎರಡನೆಯ ವಾದ, ಸದಸ್ಯ ಬ್ಯಾಂಕುಗಳು ಅಮೆರಿಕನ್ ಎಕ್ಸ್‌ಪ್ರೆಸ್ ಅಥವಾ ಡಿಸ್ಕವರ್ ಕಾರ್ಡುಗಳನ್ನು ಕೊಡಬಾರದೆಂಬ ನಿಯಮದ ಬಗ್ಗೆ. 2001ರ ತೀರ್ಪಿನಲ್ಲಿ ಎರಡನೆಯದು ಗೆದ್ದಿತು, ಮೇಲಿನ ನ್ಯಾಯಾಲಯದಲ್ಲೂ ನಿಂತಿತು. ಮೊದಲನೆಯದು ಸಾಬೀತಾಗಲಿಲ್ಲ.

ನನ್ನ ದೃಷ್ಟಿಯಲ್ಲಿ ಸೋತ ಆ ವಾದವೇ ಹೆಚ್ಚು ಆಳವಾದುದು. ನಡೆದ ಹೂಡಿಕೆಗೆ ಸಾಕ್ಷಿ ಸಿಗುತ್ತದೆ. ನಡೆಯದೇ ಹೋದ ಹೂಡಿಕೆಗೆ ನ್ಯಾಯಾಲಯದಲ್ಲಿ ಸಾಕ್ಷಿ ತರುವುದು ಬಹಳ ಕಷ್ಟ. ಪಾವತಿ ಜಾಲಗಳ ಆಡಳಿತವನ್ನು ಹೊರಗಿನಿಂದ ಅಳೆಯುವವರೆಲ್ಲರಿಗೂ ಈ ತೊಂದರೆ ಇದ್ದೇ ಇದೆ.

ಕೊನೆಗೆ ಬ್ಯಾಂಕುಗಳೇ ಒಡೆತನದಿಂದ ಹಿಂದೆ ಸರಿದವು. ಪರಸ್ಪರ ಸ್ಪರ್ಧಿಗಳಾದ ಬ್ಯಾಂಕುಗಳು ಒಂದೇ ಮೇಜಿನ ಸುತ್ತ ಕುಳಿತು ಇಂಟರ್‌ಚೇಂಜ್ ದರ ಗೊತ್ತುಮಾಡುವುದೆಂದರೆ ಬೆಲೆಯ ಒಳಒಪ್ಪಂದವೇ ಎಂದು ಅಂಗಡಿಕಾರರು ಸಾಲು ಸಾಲಾಗಿ ಹೂಡಿದ ದಾವೆಗಳು ಇದಕ್ಕೆ ದೊಡ್ಡ ಕಾರಣ. ಮಾಸ್ಟರ್‌ಕಾರ್ಡ್ 2006ರ ಮೇ ತಿಂಗಳಲ್ಲಿ, ವೀಸಾ 2008ರ ಮಾರ್ಚ್‌ನಲ್ಲಿ ಷೇರುಪೇಟೆಗೆ ಬಂದವು. ವೀಸಾ ಅಂದು ಸುಮಾರು 1,790 ಕೋಟಿ ಡಾಲರ್ ಸಂಗ್ರಹಿಸಿತು. ಅಲ್ಲಿಂದೀಚೆಗೆ ಹೂಡಿಕೆಗೆ ಹಣದ ಕೊರತೆಯಿಲ್ಲ. ಆದರೆ ಈಗ ವೀಸಾದ ಆದಾಯದ ನೂರರಲ್ಲಿ ಸುಮಾರು ಅರವತ್ತು ಭಾಗ ಕಾರ್ಯಾಚರಣೆಯ ಲಾಭವಾಗಿ ಉಳಿಯುತ್ತದೆ, ಅಂದರೆ ಹೂಡಿಕೆಗೆ ಬೇಕಾದುದಕ್ಕಿಂತ ಬಹಳ ಹೆಚ್ಚನ್ನು ಅಂಗಡಿಗಳೂ ಬ್ಯಾಂಕುಗಳೂ ಕೊಡುತ್ತಿವೆ. ಇಂಟರ್‌ಚೇಂಜ್ ಅನ್ನು ಐರೋಪ್ಯ ಒಕ್ಕೂಟ 2015ರಲ್ಲಿ ಡೆಬಿಟ್ ಕಾರ್ಡಿಗೆ ಶೇ 0.2, ಕ್ರೆಡಿಟ್ ಕಾರ್ಡಿಗೆ ಶೇ 0.3ಕ್ಕೆ ಮಿತಿಗೊಳಿಸಿದ್ದು ಈ ಹಿನ್ನೆಲೆಯಲ್ಲೇ. ಒಕ್ಕೂಟವಾಗಿದ್ದಾಗ ಹೂಡಿಕೆಯ ಹಿಂಜರಿಕೆ, ಕಂಪನಿಯಾದಾಗ ಬೆಲೆಯ ದುರಾಸೆ.

ಭಾರತ ಹಿಡಿದದ್ದು ಮೂರನೆಯ ದಾರಿ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ ಬೆನ್ನಲ್ಲೇ, ರಿಸರ್ವ್ ಬ್ಯಾಂಕು ಮತ್ತು ಭಾರತೀಯ ಬ್ಯಾಂಕುಗಳ ಸಂಘದ ಪ್ರೇರಣೆಯಿಂದ 2008ರ ಡಿಸೆಂಬರ್‌ನಲ್ಲಿ ಎನ್‌ಪಿಸಿಐ ನೋಂದಣಿಯಾಯಿತು. ಅದು ಲಾಭವನ್ನು ಷೇರುದಾರರಿಗೆ ಹಂಚದ ಕಂಪನಿ. ಸ್ಥಾಪಕ ಷೇರುದಾರರು ಹತ್ತು ಬ್ಯಾಂಕುಗಳು: ಸರ್ಕಾರಿ ವಲಯದ ಆರು, ಖಾಸಗಿ ಎರಡು, ವಿದೇಶಿ ಎರಡು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಈಗ ಬೆಂಗಳೂರಿನಿಂದ ನಡೆಯುವ ಕೆನರಾ ಬ್ಯಾಂಕು ಆ ಹತ್ತರಲ್ಲೊಂದು. 2016ರಲ್ಲಿ ಷೇರುದಾರರ ಸಂಖ್ಯೆ 56ಕ್ಕೆ ಏರಿತು, 2020ರಲ್ಲಿ ಬ್ಯಾಂಕೇತರ ಪಾವತಿ ಸಂಸ್ಥೆಗಳಿಗೂ ಸ್ವಲ್ಪ ಪಾಲು ದೊರೆಯಿತು. ಎಟಿಎಂ ಜಾಲ, ಖಾತೆಯಿಂದ ಖಾತೆಗೆ ತಕ್ಷಣ ಹಣ ಕಳಿಸುವ 2010ರ ಐಎಂಪಿಎಸ್, 2012ರ ರುಪೇ ಕಾರ್ಡು, 2016ರ ಏಪ್ರಿಲ್ 11ರಂದು ಆಗಿನ ಗವರ್ನರ್ ರಘುರಾಮ್ ರಾಜನ್ ಚಾಲನೆ ಕೊಟ್ಟ ಯುಪಿಐ, ಎಲ್ಲವೂ ಒಂದೇ ಸೂರಿನಡಿ ಬಂದವು.

ಈ ರಚನೆಯ ಗುಣವನ್ನು ಗುರುತಿಸಬೇಕು. ಲಾಭ ಹಂಚದ ಸಂಸ್ಥೆಗೆ ದರ ಏರಿಸುವ ಒತ್ತಡ ಕಡಿಮೆ. ಪ್ರಮುಖ ಬ್ಯಾಂಕುಗಳೇ ಒಡೆಯರಾದ್ದರಿಂದ ಹೊಸ ವ್ಯವಸ್ಥೆಗೆ ಸದಸ್ಯರನ್ನು ಒಬ್ಬೊಬ್ಬರಾಗಿ ಬೇಡಿ ಕರೆತರಬೇಕಿಲ್ಲ. ಹಿಂದೆ ರಿಸರ್ವ್ ಬ್ಯಾಂಕು ನಿಂತಿರುವುದರಿಂದ ನಿಯಮ ಮುರಿದವರಿಗೆ ಭಯವೂ ಇದೆ. 2017ರ ಜನವರಿಯಲ್ಲಿ ಐಸಿಐಸಿಐ ಬ್ಯಾಂಕು ಫೋನ್‌ಪೇ ಮೂಲಕ ಬರುವ ಪಾವತಿಗಳನ್ನು ತಡೆಹಿಡಿದಾಗ ಇದು ಪರೀಕ್ಷೆಗೆ ಒಳಗಾಯಿತು. ಫ್ಲಿಪ್‌ಕಾರ್ಟ್ ಮಳಿಗೆಯಲ್ಲಿ ಅದೇ ಬಳಗದ ಫೋನ್‌ಪೇಗೆ ಮಾತ್ರ ಬಾಗಿಲು ತೆರೆದಿದೆ, ಇತರ ಯುಪಿಐ ಆ್ಯಪ್‌ಗಳಿಗೆ ಇಲ್ಲ ಎಂಬುದು ಆಕ್ಷೇಪವಾಗಿತ್ತು. ಎನ್‌ಪಿಸಿಐ ನಡುವೆ ಬಂದು, ಎಲ್ಲ ಆ್ಯಪ್‌ಗಳಿಗೂ ಸಮಾನ ಪ್ರವೇಶವಿರಬೇಕೆಂಬ ನಿಯಮವನ್ನು ಎತ್ತಿಹಿಡಿಯಿತು. ಜಾಲದ ಬಾಗಿಲು ಯಾರಿಗೆಷ್ಟು ತೆರೆದಿರಬೇಕೆಂದು ಹೇಳುವ ಅಧಿಕಾರ ಎಷ್ಟು ಬೆಲೆಬಾಳುವಂಥದ್ದು ಎಂಬುದು ಆ ಚಿಕ್ಕ ಜಗಳದಲ್ಲಿ ಕಾಣುತ್ತದೆ. ಈಗ ಯಾವ ಅಂಗಡಿಯ ಕ್ಯೂಆರ್ ಕೋಡನ್ನಾದರೂ ಯಾವ ಆ್ಯಪ್‌ನಿಂದಲಾದರೂ ಸ್ಕ್ಯಾನ್ ಮಾಡಬಹುದೆಂಬ ಸೌಲಭ್ಯ ತಂತ್ರಜ್ಞಾನದ ಕೊಡುಗೆಯೆಂದು ನಾವು ಭಾವಿಸುತ್ತೇವೆ, ಆದರೆ ಅದು ಮುಖ್ಯವಾಗಿ ಆಡಳಿತದ ಕೊಡುಗೆ.

ಆಮೇಲೆ ಬಂತು ಸೊನ್ನೆ ಶುಲ್ಕ. 2018ರ ಆರಂಭದಿಂದ ಎರಡು ವರ್ಷ ₹2,000ದವರೆಗಿನ ಪಾವತಿಗಳಿಗೆ ಅಂಗಡಿಯವರು ಕೊಡಬೇಕಾದ ಶುಲ್ಕವನ್ನು, ಅಂದರೆ ಎಂಡಿಆರ್ ಅನ್ನು, ಸರ್ಕಾರವೇ ಭರಿಸುತ್ತಿತ್ತು. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ ವಿಧಿಸುವುದನ್ನೇ ಕಾನೂನು ನಿಷೇಧಿಸಿತು. ಎರಡು ಬದಿಗಳ ನಡುವಿನ ಕಾಲುವೆ ಅಲ್ಲಿಗೆ ಮುಚ್ಚಿತು. ಅಂಗಡಿಯ ಬದಿಯನ್ನು ತುಂಬಿಸಲು ಇದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ, ಫಲವೂ ಕಣ್ಣೆದುರಿಗಿದೆ: 2025ರ ಆಗಸ್ಟ್‌ನಲ್ಲಿ ಯುಪಿಐ ವ್ಯವಹಾರಗಳ ಸಂಖ್ಯೆ ಮೊದಲ ಬಾರಿಗೆ ಒಂದೇ ತಿಂಗಳಲ್ಲಿ 2,000 ಕೋಟಿ ದಾಟಿತು. ಫ್ರೆಸ್ನೋದಲ್ಲಿ ಅಂಚೆಯಲ್ಲಿ ಕಳಿಸಿದ ಕಾರ್ಡುಗಳಿದ್ದಂತೆ ಇಲ್ಲಿ ಸೊನ್ನೆ ಶುಲ್ಕ. ವ್ಯತ್ಯಾಸವೊಂದೇ, ಆ ಬ್ಯಾಂಕಿನ ನಷ್ಟಕ್ಕೆ ಮುಂದಿನ ಗಳಿಕೆಯ ನಿರೀಕ್ಷೆಯಿತ್ತು.

ಇಲ್ಲಿ ನಷ್ಟವನ್ನು ಸರ್ಕಾರ ಭಾಗಶಃ ತುಂಬಿಕೊಡುತ್ತದೆ. 2021–22ರಲ್ಲಿ ಯುಪಿಐ ಮತ್ತು ರುಪೇ ಡೆಬಿಟ್‌ಗೆ ಸೇರಿ ₹1,300 ಕೋಟಿಯ, 2022–23ರಲ್ಲಿ ₹2,600 ಕೋಟಿಯ ಪ್ರೋತ್ಸಾಹಧನಕ್ಕೆ ಕೇಂದ್ರ ಸಂಪುಟ ಒಪ್ಪಿತು. 2024–25ಕ್ಕೆ ಒಪ್ಪಿದ್ದು ಸುಮಾರು ₹1,500 ಕೋಟಿ, ಅದೂ ಸಣ್ಣ ವ್ಯಾಪಾರಿಗಳು ಪಡೆಯುವ ₹2,000ದವರೆಗಿನ ಯುಪಿಐ ಪಾವತಿಗಳಿಗೆ ಮಾತ್ರ, ಶೇ 0.15ರ ದರದಲ್ಲಿ. ಆ ವರ್ಷ ನಡೆದ ಒಟ್ಟು ವ್ಯವಹಾರಗಳು 18,500 ಕೋಟಿಗೂ ಹೆಚ್ಚು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಗಡಿ ಪಾವತಿಗಳು. ಆ ಅಂಗಡಿ ಪಾವತಿಗಳೆಲ್ಲಕ್ಕೂ ಪ್ರೋತ್ಸಾಹಧನವನ್ನು ಹಂಚಿ ನೋಡಿದರೆ ಒಂದಕ್ಕೆ ಹದಿನಾರು ಪೈಸೆಯ ಆಸುಪಾಸನ್ನು ಮೀರುವುದಿಲ್ಲ. ಖರ್ಚು ರೂಪಾಯಿಗಳಲ್ಲಿ, ಭರ್ತಿ ಪೈಸೆಗಳಲ್ಲಿ. ಇದಲ್ಲದೆ ವರ್ಷ ಕಳೆಯುವ ಹೊತ್ತಿಗೆ ಘೋಷಣೆಯಾಗುವ, ಮುಂದಿನ ವರ್ಷ ಎಷ್ಟೆಂದು ತಿಳಿಯದ ಹಣವನ್ನು ನಂಬಿ ಯಾವ ಬ್ಯಾಂಕಿನ ಆಡಳಿತ ಮಂಡಳಿಯೂ ಐದು ವರ್ಷದ ಸರ್ವರ್ ಯೋಜನೆಗೆ ಸಹಿ ಹಾಕುವುದಿಲ್ಲ.

ಹೊರೆ ಸಮಾನವಾಗಿ ಬಿದ್ದಿದ್ದರೆ ಇದನ್ನೂ ಸಹಿಸಿಕೊಳ್ಳಬಹುದಿತ್ತು. ದರ್ಶಿನಿಯ ಕಾಫಿಗೆ ಹಿಂತಿರುಗಿ ನೋಡಿ. ಅತಿ ಹೆಚ್ಚು ಕೆಲಸ ಬೀಳುವುದು ಹಣ ಕಳೆಯುವ ಬ್ಯಾಂಕಿಗೆ, ಮತ್ತು ಕೋಟಿಗಟ್ಟಲೆ ಉಳಿತಾಯ ಖಾತೆಗಳಿರುವ ಸ್ಟೇಟ್ ಬ್ಯಾಂಕು ಈ ಸಾಲಿನಲ್ಲಿ ಮೊದಲನೆಯದು. ಗ್ರಾಹಕನ ಕಣ್ಣಿಗೆ ಬೀಳುವ ಹೆಸರು ಮಾತ್ರ ಆ್ಯಪ್‌ನದು. ಪಾವತಿ ಸರಾಗವಾದರೆ ಆ್ಯಪ್‌ಗೆ ಕೀರ್ತಿ, ವಿಫಲವಾದರೆ 'ಬ್ಯಾಂಕ್ ಸರ್ವರ್ ಡೌನ್' ಎಂಬ ಸಾಲು. ಸೇವೆ ಸುಧಾರಿಸಲು ಹಣ ಹೂಡಬೇಕಾದ ಬ್ಯಾಂಕಿಗೆ ಅದರಿಂದ ಶುಲ್ಕವೂ ಇಲ್ಲ, ಹೆಸರೂ ಇಲ್ಲ. ಇಂಥ ಸ್ಥಿತಿಯಲ್ಲಿ ಬ್ಯಾಂಕು, ತನ್ನ ಗ್ರಾಹಕರು ಸಿಟ್ಟಾಗಿ ಬಿಟ್ಟುಹೋಗದಷ್ಟು ಹೂಡುತ್ತದೆ, ಅದಕ್ಕಿಂತ ಹೆಚ್ಚು ಹೂಡುವುದಿಲ್ಲ. ಇದು ಬ್ಯಾಂಕಿನ ಆಲಸ್ಯವಲ್ಲ, ಸರಿಯಾದ ಲೆಕ್ಕಾಚಾರ. 2024–25ರ ಪ್ರೋತ್ಸಾಹಧನದ ಷರತ್ತು ಈ ಲೆಕ್ಕವನ್ನು ಬಲ್ಲವರು ಬರೆದದ್ದು. ಹಣದ ಐದನೆಯ ಒಂದು ಭಾಗವನ್ನು ತಡೆಹಿಡಿದು, ಅದರಲ್ಲಿ ಅರ್ಧವನ್ನು ತಾಂತ್ರಿಕ ವೈಫಲ್ಯ ಶೇ 0.75ಕ್ಕಿಂತ ಕಡಿಮೆಯಿದ್ದರೆ, ಇನ್ನರ್ಧವನ್ನು ವ್ಯವಸ್ಥೆ ಶೇ 99.5ಕ್ಕಿಂತ ಹೆಚ್ಚು ಹೊತ್ತು ಚಾಲನೆಯಲ್ಲಿದ್ದರೆ ಮಾತ್ರ ಕೊಡುವುದೆಂದು ಅಲ್ಲಿ ಬರೆದಿದೆ. ಗುಣಮಟ್ಟಕ್ಕೆ ಬೆಲೆ ಕಟ್ಟುವ ಕೆಲಸವನ್ನು ಮಾರುಕಟ್ಟೆಯ ಬದಲು ಸರ್ಕಾರಿ ಆದೇಶ ಮಾಡುತ್ತಿದೆ.

ಆ್ಯಪ್‌ಗಳಿಗೂ ಪಾವತಿಯಿಂದ ಗಳಿಕೆಯಿಲ್ಲ. ಅವು ಬೇರೆ ಬಾಗಿಲುಗಳನ್ನು ತಟ್ಟಿದವು: ಸೌಂಡ್‌ಬಾಕ್ಸಿನ ತಿಂಗಳ ಬಾಡಿಗೆ, ವ್ಯಾಪಾರಿಗಳಿಗೆ ಸಾಲ ಕೊಡಿಸುವ ದಲ್ಲಾಳಿತನ, ವಿಮೆ, ಮ್ಯೂಚುವಲ್ ಫಂಡ್, ಜಾಹೀರಾತು. ಪಾವತಿಯನ್ನು ನಷ್ಟದಲ್ಲಿ ನಡೆಸಿ ಇವುಗಳಲ್ಲಿ ಗಳಿಸುವ ತಾಕತ್ತು ಬೆನ್ನಿಗೆ ದೊಡ್ಡ ಬಂಡವಾಳವಿರುವವರಿಗೆ ಮಾತ್ರ. ಬೆಂಗಳೂರಿನ ಫೋನ್‌ಪೇ ಮತ್ತು ಗೂಗಲ್ ಪೇ ಸೇರಿ ಯುಪಿಐ ವ್ಯವಹಾರಗಳ ಸುಮಾರು ಐದರಲ್ಲಿ ನಾಲ್ಕು ಭಾಗವನ್ನು ಹಿಡಿದಿರುವುದು ಸೊನ್ನೆ ಶುಲ್ಕದ ನೇರ ಪರಿಣಾಮವೆಂದೇ ನನ್ನ ಎಣಿಕೆ. ಸಣ್ಣ ಸ್ಪರ್ಧಿಗೆ ಪ್ರತಿ ಪಾವತಿಯಿಂದ ಹತ್ತು ಪೈಸೆ ಖಚಿತವಾಗಿ ಸಿಗುವಂತಿದ್ದರೆ ಆತ ಉಳಿದುಕೊಳ್ಳುತ್ತಿದ್ದನೇನೋ.

ಇಷ್ಟು ಕೇಂದ್ರೀಕರಣದ ಅಪಾಯ ಏನೆಂಬುದು ಬಹಳ ಬೇಗ ತಿಳಿಯಿತು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಆ ಒಂದೇ ಬ್ಯಾಂಕನ್ನು ನಂಬಿದ್ದ ಫೋನ್‌ಪೇ ಮರುದಿನದವರೆಗೆ ಸ್ತಬ್ಧವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಎನ್‌ಪಿಸಿಐ, ಯಾವ ಆ್ಯಪ್‌ನ ಪಾಲೂ ಶೇ 30 ಮೀರಬಾರದೆಂದು ನಿಯಮ ಮಾಡಿತು. ಮೊದಲ ಗಡುವು 2022ರ ಕೊನೆ, ನಂತರ 2024ರ ಕೊನೆ, ಆಮೇಲೆ 2026ರ ಡಿಸೆಂಬರ್ 31. ಮುಂದೂಡಿಕೆಗೆ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಮಿತಿ ಜಾರಿಯಾದ ದಿನ ಯಾರೋ ಒಬ್ಬ ಗ್ರಾಹಕನಿಗೆ 'ನಿಮ್ಮ ಆ್ಯಪ್ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ' ಎಂದು ಹೇಳಬೇಕು. ಆ ಆ್ಯಪ್‌ನ ಜಾಗವನ್ನು ತುಂಬುವ ಇನ್ನೊಬ್ಬ ಹೂಡಿಕೆದಾರ ಸಾಲಿನಲ್ಲಿ ನಿಂತಿಲ್ಲ. ಆದಾಯವಿಲ್ಲದ ಕಣದಲ್ಲಿ ಸ್ಪರ್ಧೆಯನ್ನು ಆದೇಶದಿಂದ ಹುಟ್ಟಿಸಲಾಗದು.

ಇಡೀ ಜಾಲಕ್ಕೇ ಸ್ಪರ್ಧಿಯೊಂದನ್ನು ತರುವ ಯತ್ನವೂ ನಡೆಯಿತು. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು, ಕನಿಷ್ಠ ₹500 ಕೋಟಿ ಬಂಡವಾಳದೊಂದಿಗೆ ಎನ್‌ಪಿಸಿಐಗೆ ಪರ್ಯಾಯವಾದ, ಲಾಭಕ್ಕಾಗಿಯೂ ನಡೆಯಬಹುದಾದ ಹೊಸ ಸಂಸ್ಥೆಗಳಿಗೆ ಅರ್ಜಿ ಕರೆಯಿತು. ದೊಡ್ಡ ಕೈಗಾರಿಕಾ ಮನೆತನಗಳೂ ವಿದೇಶಿ ತಂತ್ರಜ್ಞಾನ ಕಂಪನಿಗಳೂ ಬ್ಯಾಂಕುಗಳೂ ಕೂಡಿದ ಬಣಗಳು ಮುಂದೆ ಬಂದವು. ಪ್ರಸ್ತಾವಗಳಲ್ಲಿ ಹೊಸತೇನೂ ಇಲ್ಲವೆಂಬ ಕಾರಣಕ್ಕೆ ಯಾರಿಗೂ ಪರವಾನಗಿ ಸಿಗಲಿಲ್ಲ. ಪರವಾನಗಿ ಸಿಕ್ಕಿದ್ದರೂ ಹಳೆಯ ತೊಡಕು ಎದುರಾಗುತ್ತಿತ್ತು: ಹೊಸ ಜಾಲಗಳಲ್ಲಿ ಪಾಲು ಹಿಡಿಯಲಿದ್ದ ಬ್ಯಾಂಕುಗಳು ಎನ್‌ಪಿಸಿಐಯಲ್ಲೂ ಷೇರುದಾರರು. ಅಮೆರಿಕದ ಎರಡು ದೋಣಿಗಳು ಇಲ್ಲಿಯೂ ನೀರಿಗಿಳಿಯುತ್ತಿದ್ದವು.

ಬ್ರೆಜಿಲ್ ಬೇರೆಯೇ ಲೆಕ್ಕ ಹಾಕಿತು. 2020ರ ನವೆಂಬರ್‌ನಲ್ಲಿ ಆರಂಭವಾದ ಅಲ್ಲಿನ ಪಿಕ್ಸ್ ಜಾಲವನ್ನು ಕೇಂದ್ರೀಯ ಬ್ಯಾಂಕೇ ಕಟ್ಟಿ ನಡೆಸುತ್ತದೆ, ಐದು ಲಕ್ಷಕ್ಕಿಂತ ಹೆಚ್ಚು ಸಕ್ರಿಯ ಖಾತೆಗಳಿರುವ ಸಂಸ್ಥೆಗಳು ಸೇರುವುದು ಕಡ್ಡಾಯ. ವ್ಯಕ್ತಿಗಳಿಗೆ ಉಚಿತ; ವ್ಯಾಪಾರಿಗಳಿಂದ ಬ್ಯಾಂಕುಗಳು ಶುಲ್ಕ ಪಡೆಯಬಹುದು. ಕಾಲುವೆಯನ್ನು ಪೂರ್ತಿ ಮುಚ್ಚದೆ ಕಿರಿದಾಗಿಸಿದರು ಎನ್ನಬಹುದು. ಆಟ ಆಡಿಸುವವನೂ ತೀರ್ಪು ಕೊಡುವವನೂ ಒಬ್ಬನೇ ಎಂಬ ದೂರು ಅಲ್ಲಿದೆ, ಅದಕ್ಕೆ ಉತ್ತರ ಸುಲಭವಿಲ್ಲ.

ಭಾರತದಲ್ಲಿ ಕಾಲುವೆಯನ್ನು ಮತ್ತೆ ತೆರೆಯಬೇಕೆನ್ನುವವರು ದೊಡ್ಡ ವ್ಯಾಪಾರಿಗಳಿಂದ ಮಾತ್ರ ಸಣ್ಣ ಶುಲ್ಕ ಪಡೆಯಬೇಕೆನ್ನುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ, ಆದರೆ ಅಂಗಡಿಯ ಬದಿ ಎಷ್ಟು ಸೂಕ್ಷ್ಮವೆಂಬುದನ್ನು 2025ರ ಜುಲೈನಲ್ಲಿ ಬೆಂಗಳೂರು ತೋರಿಸಿಕೊಟ್ಟಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಲೆಕ್ಕ ಹಿಡಿದು, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಬೇಕಾಯಿತು. ಶುಲ್ಕ ಸೊನ್ನೆಯಾಗಿದ್ದರೂ ಜಾಲದಲ್ಲಿ ಇರುವುದಕ್ಕೆ ವ್ಯಾಪಾರಿ ಮನಸ್ಸಿನಲ್ಲಿ ಒಂದು ಬೆಲೆ ಕಟ್ಟಿರುತ್ತಾನೆ, ಅದು ಏರಿದೊಡನೆ ಹೊರನಡೆಯುತ್ತಾನೆ.

ಹಣಕಾಸು ಸಚಿವಾಲಯ ಯುಪಿಐಯನ್ನು ಸಾರ್ವಜನಿಕ ಸೌಲಭ್ಯವೆಂದು ಕರೆದು ಶುಲ್ಕದ ಮಾತನ್ನು 2022ರಲ್ಲೇ ತಳ್ಳಿಹಾಕಿದೆ. ಖರ್ಚನ್ನು ಯಾರಾದರೂ ಭರಿಸಲೇಬೇಕು ಎಂದು ರಿಸರ್ವ್ ಬ್ಯಾಂಕಿನ ಗವರ್ನರ್ ಸಂಜಯ್ ಮಲ್ಹೋತ್ರಾ 2025ರಲ್ಲಿ ಹೇಳಿದ್ದಾರೆ. ಈ ಎರಡು ಮಾತುಗಳ ನಡುವೆ ಹೂಡಿಕೆ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತಿದೆ. 2022ರಲ್ಲಿ ಬಂದ ಯುಪಿಐ ಲೈಟ್ ಸಣ್ಣ ಪಾವತಿಗಳನ್ನು ಬ್ಯಾಂಕಿನ ಮೂಲ ಗಣಕ ವ್ಯವಸ್ಥೆಗೆ ಮುಟ್ಟಿಸದೆ ಮುಗಿಸುತ್ತದೆ. ಗ್ರಾಹಕನಿಗೆ ಅದು ಪಿನ್ ಒತ್ತುವ ತೊಂದರೆ ತಪ್ಪಿಸುವ ಸೌಕರ್ಯ, ಬ್ಯಾಂಕಿಗೆ ಕಾಫಿಯ ಇಪ್ಪತ್ತು ರೂಪಾಯಿಯ ಹೊರೆಯಿಂದ ಪಾರಾಗುವ ಉಪಾಯ. ಅದೇ ವರ್ಷ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶವಾಯಿತು, ಮತ್ತು ಅಲ್ಲಿ ಸಣ್ಣ ವ್ಯಾಪಾರಿಗಳಿಗೆ ₹2,000ದವರೆಗಿನ ವಿನಾಯಿತಿಯನ್ನು ಬಿಟ್ಟರೆ ಎಂಡಿಆರ್ ಉಂಟು, ಇಂಟರ್‌ಚೇಂಜ್ ಉಂಟು. ಬ್ಯಾಂಕುಗಳೂ ಆ್ಯಪ್‌ಗಳೂ ಈಗ ಅತ್ಯಂತ ಉತ್ಸಾಹದಿಂದ ಗ್ರಾಹಕರ ಮುಂದಿಡುತ್ತಿರುವುದು ಅದನ್ನೇ. ಸ್ವಂತ ಖಾತೆಯಲ್ಲಿರುವ ಹಣವನ್ನು ಕೊಡುವ ದಾರಿಯಲ್ಲಿ ಗಳಿಕೆಯಿಲ್ಲದ್ದರಿಂದ, ಸಾಲದ ಹಣವನ್ನು ಕೊಡುವ ದಾರಿಗೆ ಡಾಂಬರು ಬೀಳುತ್ತಿದೆ.